ರೂತಳ ಎರಡನೆಯ ಮನೆ



ನವೆಂಬರ್ ತಿಂಗಳನ್ನು ನಮ್ಮ ಧರ್ಮಸಭೆ ಮೃತ ವಿಶ್ವಾಸಿಗಳ ಸ್ಮರಣೆಗೆ ಮೀಸಲಿಟ್ಟಿದೆ. ಎರಡನೆಯ ತಾರೀಖಿನಂದು ಸಮಾಧಿಗಳಿಗೆ ಸುಣ್ಣ ಬಳಿಯುತ್ತೇವೆ, ಹೂವಿಡುತ್ತೇವೆ, ಮೇಣದ ಬತ್ತಿ ಹಚ್ಚುತ್ತೇವೆ. ಗುರುಗಳು ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸಿದ ಮೇಲೆ, ಸತ್ತವರಿಗೆ ಸಲ್ಲಬೇಕಾದುದು ಸಂದಿತು ಎಂಬ ಸಮಾಧಾನದಿಂದ ಮನೆಗೆ ಮರಳುತ್ತೇವೆ. ಆದರೆ ಒಂದು ಸಮಾಧಿಯ ಬಳಿ ಎರಡು ಮಕ್ಕಳ ಕೈ ಹಿಡಿದು, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದ ಮೂವತ್ತು ದಾಟದ ಆ ಹೆಂಗಸನ್ನು ನೀವು ಗಮನಿಸಿದಿರಾ? ಬತ್ತಿ ಆರಿದ ಮೇಲೆ ಆಕೆ ಯಾವ ಮನೆಗೆ ಮರಳಿದಳು? ಸತ್ತವರಿಗೆ ಮಾಡುವುದನ್ನೆಲ್ಲ ನಾವು ಚೆನ್ನಾಗಿ ಬಲ್ಲೆವು. ಉಳಿದವರಿಗೆ ಏನು ಮಾಡಬೇಕೆಂಬುದು ನಮಗೆ ಅಷ್ಟಾಗಿ ತಿಳಿದಂತಿಲ್ಲ.

ಈ ಪ್ರಶ್ನೆ ಎತ್ತಲು ಒಂದು ಸಿನಿಮಾ ಕಾರಣ. ಕುಟುಂಬದ ಪುಟದಲ್ಲಿ ಸಿನಿಮಾ ಮಾತೇಕೆ ಎಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. 2023ರ ನವೆಂಬರ್ 24ರಂದು ತೆರೆಕಂಡ ‘ಸ್ವಾತಿ ಮುತ್ತಿನ ಮಳೆ ಹನಿಯೇ’ ಎಂಬ ಕನ್ನಡ ಚಿತ್ರ ಅದು. ರಾಜ್ ಬಿ. ಶೆಟ್ಟಿ ಅದರ ನಿರ್ದೇಶಕರು, ಮುಖ್ಯ ಪಾತ್ರದಲ್ಲೂ ಅವರೇ. ಅವರೊಡನೆ ಸಿರಿ ರವಿಕುಮಾರ್ ನಟಿಸಿದ್ದಾರೆ. ನಟಿ ರಮ್ಯಾ ನಿರ್ಮಾಪಕಿ. ಹೊಡೆದಾಟವಿಲ್ಲ, ಕುಣಿತವಿಲ್ಲ, ಯಾರೂ ಎತ್ತರದ ದನಿಯಲ್ಲಿ ಮಾತನಾಡುವುದಿಲ್ಲ. ಗುಣವಾಗುವ ಭರವಸೆಯಿಲ್ಲದ ರೋಗಿಗಳು ತಮ್ಮ ಕಡೆಯ ದಿನಗಳನ್ನು ಕಳೆಯುವ ಒಂದು ಆರೈಕೆ ಕೇಂದ್ರದಲ್ಲಿ ಕಥೆ ನಡೆಯುತ್ತದೆ. ಇಂಥ ಕೇಂದ್ರಕ್ಕೆ ಹಾಸ್ಪೈಸ್ ಎನ್ನುತ್ತಾರೆ. ಬೆಂಗಳೂರಿನ ಕರುಣಾಶ್ರಯ ನಮ್ಮ ರಾಜ್ಯದಲ್ಲೇ ಇರುವ ಉದಾಹರಣೆ. ಅಲ್ಲಿಯ ರೋಗಿಗಳಿಗೆ ಸಾಂತ್ವನದ ಮಾತು ಹೇಳುವುದು ಕಥಾನಾಯಕಿ ಪ್ರೇರಣಾಳ ಕೆಲಸ. ದಿನವೂ ಸಾವನ್ನು ನೋಡುತ್ತ ನೋಡುತ್ತ ಆಕೆ ಒಳಗೆ ಒಣಗಿಹೋಗಿದ್ದಾಳೆ. ಅಲ್ಲಿಗೆ ಬರುವ ಅನಿಕೇತ್ ಎಂಬ ರೋಗಿಯ ಮೂಲಕ ಆಕೆಯ ಮನಸ್ಸು ನಿಧಾನವಾಗಿ ಮತ್ತೆ ಚಿಗುರುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೇರಣಾ ಇನ್ನೊಬ್ಬರ ಹೆಂಡತಿ. ಆಕೆಯ ದಾಂಪತ್ಯದಲ್ಲಿ ಪ್ರೀತಿ ಬತ್ತಿಹೋಗಿದೆ, ನಿಜ. ಆದರೆ ಬತ್ತಿದ ದಾಂಪತ್ಯವೂ ದಾಂಪತ್ಯವೇ ಎಂದು ನಂಬಿದವರು ನಾವು. ಹೀಗಾಗಿ ಆ ಕಥೆ ಹೋಗುವ ದಾರಿಯಲ್ಲಿ ನಾವು ಪೂರ್ತಿ ಹೋಗಲಾರೆವು. ಆದರೂ ಆ ಚಿತ್ರ ಒಂದು ಸತ್ಯವನ್ನು ಸರಿಯಾಗಿ ಹಿಡಿದಿದೆ. ನೊಂದ ಹೃದಯ ಅವಸರಕ್ಕೆ ಬಗ್ಗುವುದಿಲ್ಲ, ಬೀಗ ಹಾಕಿದರೂ ಬದುಕುವುದಿಲ್ಲ. ಯಾರೋ ಒಬ್ಬರು ಹತ್ತಿರ ಕುಳಿತು, ಮಾತಾಡಿ, ಮಾತಿಲ್ಲದೆಯೂ ಇದ್ದು, ದಿನ ಕಳೆದಂತೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಬಹಳ ನಿಧಾನದ ಸಿನಿಮಾ ಎಂದು ಯುವಕರು ಗೊಣಗಬಹುದು. ದುಃಖ ಅದಕ್ಕಿಂತಲೂ ನಿಧಾನ ಎಂದು ಅವರಿಗೆ ಯಾರಾದರೂ ಹೇಳಬೇಕು.

ಆ ನಿಧಾನವನ್ನು ನಮ್ಮ ಪವಿತ್ರ ಗ್ರಂಥ ಎಷ್ಟೋ ಶತಮಾನಗಳ ಹಿಂದೆಯೇ ಬರೆದಿಟ್ಟಿದೆ. ಅದು ರೂತಳ ಗ್ರಂಥ. ನಾಲ್ಕೇ ಅಧ್ಯಾಯ, 85 ವಚನ. ಸಂಜೆಯ ಜಪಮಾಲೆ ಮುಗಿಸಿ ದೀಪದ ಮುಂದೆ ಕುಳಿತರೆ ಅರ್ಧ ಗಂಟೆಯೊಳಗೆ ಓದಿ ಮುಗಿಸಬಹುದು. ನಮ್ಮ ಬೀದರ್ ಸೀಮೆಯವರು ಅದನ್ನು ಓದಿದರೆ, ನಮ್ಮದೇ ಯಾವುದೋ ಹಳ್ಳಿಯ ಕಥೆ ಎನಿಸುವುದರಲ್ಲಿ ಸಂದೇಹವಿಲ್ಲ.

ಬೆತ್ಲೆಹೇಮಿನಲ್ಲಿ ಬರಗಾಲ. ನವೊಮಿ ಎಂಬಾಕೆ ಗಂಡ ಮತ್ತು ಇಬ್ಬರು ಗಂಡುಮಕ್ಕಳೊಡನೆ ಗಡಿ ದಾಟಿ ಮೋವಾಬ್ ನಾಡಿಗೆ ದುಡಿಯಲು ಹೋಗುತ್ತಾಳೆ. ಔರಾದ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಹೈದರಾಬಾದಿಗೆ ಕೂಲಿಗೆ ಹೋದವರು ನಮ್ಮ ನಡುವೆ ಎಷ್ಟು ಜನರಿಲ್ಲ! ಅಲ್ಲಿ ನವೊಮಿಯ ಗಂಡ ತೀರಿಕೊಳ್ಳುತ್ತಾನೆ. ಮಕ್ಕಳು ಆ ನಾಡಿನ ಹೆಣ್ಣುಗಳನ್ನೇ ಮದುವೆಯಾಗುತ್ತಾರೆ. ಹತ್ತು ವರ್ಷದೊಳಗೆ ಮಕ್ಕಳೂ ಇಲ್ಲವಾಗುತ್ತಾರೆ. ಒಂದೇ ಮನೆಯಲ್ಲಿ ಮೂವರು ವಿಧವೆಯರು. ಊರಿಗೆ ಮರಳುವ ನವೊಮಿಯ ಬೆನ್ನು ಬಿಡದೆ ಬಂದವಳು ಕಿರಿಯ ವಯಸ್ಸಿನ ಸೊಸೆ ರೂತಳು. ಅವಳ ಭಾಷೆ ಬೇರೆ, ನಾಡು ಬೇರೆ. ನಮ್ಮ ಗಡಿಯ ಊರುಗಳಲ್ಲಿ ದೆಗಲೂರಿನಿಂದ, ಉದಗೀರದಿಂದ, ನಾರಾಯಣಖೇಡದಿಂದ ಬಂದ ಸೊಸೆಯಂದಿರು ಮರಾಠಿಯನ್ನೋ ತೆಲುಗನ್ನೋ ಬಾಯಲ್ಲಿಟ್ಟುಕೊಂಡು ಕನ್ನಡದ ಮನೆಯಲ್ಲಿ ಬಾಳುವುದಿಲ್ಲವೇ, ಹಾಗೆ.

ಅವರು ಬೆತ್ಲೆಹೇಮಿಗೆ ಬಂದಾಗ ಜವೆಗೋಧಿಯ ಸುಗ್ಗಿ ಶುರುವಾಗಿತ್ತು. ರೂತಳು ಅಳುತ್ತ ಕೂರಲಿಲ್ಲ, ಕೂತರೆ ಹೊಟ್ಟೆಗೇನು? ಕೊಯ್ಯುವವರ ಹಿಂದೆ ಹಕ್ಕಲು ಆಯಲು ಹೋದಳು. ಆ ಹೊಲ ಬೋವಜನದು. ಆತ ನವೊಮಿಯ ಗಂಡನ ಕಡೆಯ ನೆಂಟ, ವಯಸ್ಸಾದವನು, ಊರಲ್ಲಿ ಮರ್ಯಾದಸ್ಥ. ಈ ಬೋವಜನು ಮಾಡಿದ್ದೇನು? ಪ್ರೇಮದ ಮಾತು ಒಂದೂ ಆಡಲಿಲ್ಲ. ಬೇರೆ ಹೊಲಕ್ಕೆ ಹೋಗಬೇಡ ಎಂದ. ಆಳುಗಳು ಆಕೆಯನ್ನು ಕಾಡದಂತೆ ಕಟ್ಟುನಿಟ್ಟು ಮಾಡಿದ. ಬಾಯಾರಿದರೆ ಆಳುಗಳು ತುಂಬಿಟ್ಟ ಕೊಡದ ನೀರು ಕುಡಿ ಎಂದ. ಊಟದ ಹೊತ್ತಿಗೆ ಕರೆದು ಕೂರಿಸಿ, ಹುರಿದ ತೆನೆಯ ಕಾಳನ್ನು ತಾನೇ ಕೊಟ್ಟ. ಆಕೆ ಹೊಟ್ಟೆ ತುಂಬ ತಿಂದು, ಮಿಕ್ಕಿದ್ದನ್ನು ಅತ್ತೆಗೆಂದು ಕಟ್ಟಿಕೊಂಡಳು. ನಮ್ಮ ಹೊಲಗಳಲ್ಲಿ ಜೋಳದ ಎಳೆ ತೆನೆ ಸುಟ್ಟು ಸೀತನಿ ತಿನ್ನುವಾಗ ದಾರಿಹೋಕರನ್ನೂ ಕರೆದು ಬೊಗಸೆ ತುಂಬ ಕೊಡುವ ಪದ್ಧತಿ ಇದೆಯಲ್ಲ, ಅಂಥದೇ ಒಂದು ಬೊಗಸೆ ಕಾಳಿನಿಂದ ಈ ಕಥೆ ತಿರುಗುತ್ತದೆ. ಬೋವಜ ಇನ್ನೊಂದು ಕೆಲಸವನ್ನೂ ಮಾಡಿದ. ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಜಾರಿಸಿ ಬಿಡಿರಿ, ಆಕೆ ಆಯ್ದುಕೊಳ್ಳಲಿ ಎಂದು ಆಳುಗಳಿಗೆ ಹೇಳಿದ. ಕೊಟ್ಟದ್ದು ಕೊಟ್ಟಂತೆ ಕಾಣಬಾರದು, ಪಡೆದವಳ ತಲೆ ತಗ್ಗಬಾರದು. ಇಂಥ ನಾಜೂಕು ನಮ್ಮಲ್ಲಿ ಎಷ್ಟು ಜನರಿಗಿದೆ?

ಹೀಗೆ ಜವೆಗೋಧಿಯ ಸುಗ್ಗಿ ಮುಗಿಯಿತು. ಗೋಧಿಯ ಸುಗ್ಗಿಯೂ ಮುಗಿಯಿತು. ವಾರಗಳ ಮೇಲೆ ವಾರಗಳು. ಗ್ರಂಥಕರ್ತ ಒಂದೇ ವಾಕ್ಯದಲ್ಲಿ ಅದನ್ನು ದಾಟಿಬಿಡುತ್ತಾನೆ. ನಾವು ಅಷ್ಟು ಬೇಗ ದಾಟಬಾರದು. ಆ ವಾರಗಳಲ್ಲಿ ರೂತಳು ದಿನಾ ಹೊಲಕ್ಕೆ ಹೋದಳು, ಬಗ್ಗಿ ತೆನೆ ಆಯ್ದಳು, ಸಂಜೆ ಬಡಿದು ಕಾಳು ಮಾಡಿದಳು, ಅತ್ತೆಯ ಮುಂದೆ ಸುರಿದಳು. ಸತ್ತ ಗಂಡನ ನೆನಪು ಆಕೆಗೆ ಬಾರದ ದಿನ ಇದ್ದಿರಲಾರದು.

ಆಮೇಲೆ ಬರುತ್ತದೆ ನಾನು ನಿಮಗೆ ಮುಖ್ಯವಾಗಿ ತೋರಿಸಬೇಕೆಂದಿರುವ ಸಂಗತಿ. ರೂತಳ ಎರಡನೆಯ ಮದುವೆಯ ಮಾತು ಮೊದಲು ಎತ್ತಿದವರು ಯಾರು? ರೂತಳಲ್ಲ, ಬೋವಜನೂ ಅಲ್ಲ. ಸತ್ತವನ ತಾಯಿ. ಮಗಳೇ, ನಿನಗೊಂದು ನೆಲೆ ಹುಡುಕಬೇಡವೇ ಎಂಬ ಅರ್ಥದ ಮಾತನ್ನು ಅತ್ತೆಯೇ ಆಡುತ್ತಾಳೆ (ರೂತ 3:1). ಹಡೆದ ಮಗನನ್ನು ಮಣ್ಣಿಗಿಟ್ಟು ಬಂದ ತಾಯಿ, ಆ ಮಗನ ಹೆಂಡತಿಗೆ ಇನ್ನೊಬ್ಬ ಗಂಡನನ್ನು ಹುಡುಕುತ್ತಾಳೆ! ಸ್ನಾನ ಮಾಡು, ಒಳ್ಳೆಯ ಬಟ್ಟೆ ಉಡು ಎಂದು ಸೊಸೆಯನ್ನು ತಾನೇ ಸಿದ್ಧಮಾಡಿ ಕಳಿಸುತ್ತಾಳೆ. ಆ ರಾತ್ರಿ ಬೋವಜ ಕಣದಲ್ಲಿ ರಾಶಿಯ ಪಕ್ಕ ಮಲಗಿದ್ದ. ಯಂತ್ರಗಳು ಬರುವ ಮುಂಚೆ ನಮ್ಮ ಹಿರಿಯರೂ ರಾಶಿ ಕಾಯಲು ಹಾಗೆಯೇ ಮಲಗುತ್ತಿದ್ದರು. ಆತ ಆಕೆಯ ಮಾನಕ್ಕೆ ಕುಂದು ತರಲಿಲ್ಲ. ತನಗಿಂತ ಹತ್ತಿರದ ಹಕ್ಕುದಾರನೊಬ್ಬ ಇದ್ದಾನೆ, ಅವನನ್ನು ಕೇಳದೆ ಮುಂದುವರಿಯಲಾರೆ ಎಂದ. ಮರುದಿನ ಊರ ಬಾಗಿಲಲ್ಲಿ ಹತ್ತು ಜನ ಹಿರಿಯರನ್ನು ಕೂರಿಸಿ, ಎಲ್ಲರ ಎದುರು ವ್ಯವಹಾರ ಮುಗಿಸಿದ. ಸತ್ತವನ ಹೆಸರು ಅವನ ಊರಿನಲ್ಲಿ ಅಳಿಯದಂತೆ ಉಳಿಸುವೆನೆಂದು ಅಲ್ಲಿಯೇ ಸಾರಿದ (4:10). ಹೊಸ ಗಂಡ ತನ್ನ ಮದುವೆಯ ಸಭೆಯಲ್ಲಿ ಹಳೆಯ ಗಂಡನ ಹೆಸರನ್ನು ಗೌರವದಿಂದ ಎತ್ತುತ್ತಾನೆ. ಇದಕ್ಕಿಂತ ದೊಡ್ಡ ಗಂಡಸುತನವನ್ನು ನಾನು ಬೇರೆಲ್ಲೂ ಓದಿಲ್ಲ.

ಈಗ ಬೆತ್ಲೆಹೇಮಿನಿಂದ ನಮ್ಮ ಊರಿಗೆ ಬರೋಣ. ಔರಾದ ಸೀಮೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಬೇಡ, ಇಂಥ ಮನೆಗಳು ಹಲವಾರು. 2021ರ ಏಪ್ರಿಲ್–ಮೇ ತಿಂಗಳ ಕೊರೊನಾ ಎರಡನೆಯ ಅಲೆಯಲ್ಲಿ ಮಗ ಹೋದ. ಸೊಸೆ ಅಂಗನವಾಡಿಗೋ ಹೊಲಕ್ಕೋ ಹೋಗಿ ಎರಡು ಮಕ್ಕಳನ್ನು ಸಾಕುತ್ತಾಳೆ. ಆಗ ತೊಡೆಯ ಮೇಲಿದ್ದ ಕೂಸು ಈಗ ಶಾಲೆಗೆ ಹೋಗುತ್ತದೆ. ಭಾಲ್ಕಿಯ ಕಡೆ ಹೆಂಡತಿಯನ್ನು ಕಳೆದುಕೊಂಡ ಒಬ್ಬ ಒಳ್ಳೆಯ ಮನುಷ್ಯನಿದ್ದಾನೆ. ಅವನೂ ನಮ್ಮ ವಿಶ್ವಾಸಿಯೇ. ಹಬ್ಬದ ಪೂಜೆಯಲ್ಲಿ ಎರಡು ಸಲ ಮಾತಾಡಿದ್ದಾನೆ. ಮಗುವಿನ ಜ್ವರ ಹೇಗಿದೆ ಎಂದು ಕೇಳಿದ್ದಾನೆ, ಅಷ್ಟೆ. ಅಷ್ಟಕ್ಕೇ ಬಾವಿಕಟ್ಟೆಯ ಬಾಯಿಗಳು ತೆರೆದುಕೊಳ್ಳುತ್ತವೆ. ಅತ್ತೆ ಒಂದೇ ಮಾತು ಹೇಳುತ್ತಾಳೆ: “ಮಂದಿ ಏನಂದಾರು?”

ಆ ಅತ್ತೆಯನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಆಕೆಯ ಬಾಯಲ್ಲಿ ಬಂದದ್ದು ಮಂದಿಯ ಮಾತು, ಎದೆಯಲ್ಲಿರುವುದು ಬೇರೆ. ಸೊಸೆ ಹೋದರೆ ಮೊಮ್ಮಕ್ಕಳೂ ಹೋಗುತ್ತಾರೆ. ಮಗನ ಕಣ್ಣು, ಮಗನ ನಗೆ ಆ ಮಕ್ಕಳ ಮುಖದಲ್ಲಿವೆ. ಮುದುಕಿಗೆ ರೊಟ್ಟಿ ಬಡಿದು ಕೊಡುವವರು ಯಾರು, ಔಷಧಿಗೆ ಬೀದರಿನ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಈ ಭಯ ನಿಜವಾದದ್ದು. ನವೊಮಿಗೂ ಇದ್ದೇ ಇತ್ತು. ಆಕೆಗೆ ರೂತಳ ಹೊರತು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಆದರೂ ಬಾಗಿಲು ತೆರೆದಳು. ತೆರೆದುದರಿಂದ ಕಳೆದುಕೊಂಡಳೇ? ಗ್ರಂಥದ ಕೊನೆಯಲ್ಲಿ ರೂತಳ ಕೂಸನ್ನು ನವೊಮಿಯ ಮಡಿಲಲ್ಲಿ ನೋಡುತ್ತೇವೆ. ನೆರೆಯ ಹೆಂಗಸರು ಇದು ನವೊಮಿಯ ಮಗನೆಂದೇ ಕರೆಯುತ್ತಾರೆ. ರಕ್ತಸಂಬಂಧ ನೋಡಿದರೆ ಆ ಕೂಸು ಆಕೆಯ ಮೊಮ್ಮಗನಲ್ಲ. ಆದರೆ ಆಕೆಯೇ ಅದನ್ನು ಸಾಕಿದಳು. ಹಾಗಾದರೆ ಭಾಲ್ಕಿಯ ಆ ಮನುಷ್ಯ ಮದುವೆಯ ಮಾತಿಗೆ ಬಂದಾಗ ಹಿರಿಯರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: “ಈ ಮುದುಕಿಗೆ ನಿನ್ನ ಮನೆಯಲ್ಲಿ ಜಾಗ ಐತೇನಪ್ಪಾ?”

ಇನ್ನೊಂದು ಕಡೆ ನೋಡಿ. ಹೆಂಡತಿ ಸತ್ತ ಗಂಡಸಿಗೆ ವರ್ಷ ತುಂಬುವ ಮೊದಲೇ ನೆಂಟರು ಹೆಣ್ಣು ಹುಡುಕುತ್ತಾರೆ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎನ್ನುತ್ತಾರೆ. ಅವನ ಕಣ್ಣೀರು ಆರಿದೆಯೇ ಎಂದು ಯಾರೂ ಕೇಳುವುದಿಲ್ಲ. ಬರುವ ಹೆಣ್ಣು ಅಡಿಗೆ ಮಾಡುವ ಆಳಾಗಿ ಬರುತ್ತಾಳೋ ಹೆಂಡತಿಯಾಗಿ ಬರುತ್ತಾಳೋ, ಅದೂ ಗೊತ್ತಿಲ್ಲ. ಗಂಡಸಿಗೆ ಅವಸರ, ಹೆಂಗಸಿಗೆ ಬೀಗ. ಇದು ಯಾವ ಶುಭಸಂದೇಶದಲ್ಲಿದೆ ಎಂದು ನನಗೆ ಯಾರಾದರೂ ತೋರಿಸಲಿ.

ನಮ್ಮ ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿವಾಹದ ಬಂಧ ಮರಣದವರೆಗೆ. ಗಂಡ ತೀರಿಕೊಂಡ ಮೇಲೆ ಹೆಂಡತಿ ಪ್ರಭುವಿನಲ್ಲಿ ತನ್ನ ಇಚ್ಛೆಯಂತೆ ಮದುವೆಯಾಗಲು ಸ್ವತಂತ್ರಳು ಎಂದು ಸಂತ ಪೌಲರು ಕೊರಿಂಥಿಯರಿಗೆ ತಿಳಿಸಿದ್ದಾರೆ (1 ಕೊರಿಂಥ 7:39). ಆದಿಯಲ್ಲಿ ಇದನ್ನು ಒಪ್ಪದ ಕಠೋರವಾದಿಗಳು ಇದ್ದರು. ನೊವೇಷಿಯನ್ ಪಂಥದವರು ಎರಡನೆಯ ಮದುವೆಯಾದವರೊಂದಿಗೆ ಪರಮಪ್ರಸಾದದಲ್ಲಿ ಭಾಗಿಗಳಾಗಲು ಹಿಂಜರಿಯುತ್ತಿದ್ದರು. ನಾವು ಭಾನುವಾರ ಹೇಳುವ ವಿಶ್ವಾಸ ಪ್ರಮಾಣಕ್ಕೆ ತಳಹದಿ ಹಾಕಿದ 325ರ ನೈಸಿಯಾ ಮಹಾಸಭೆಯೇ, ತನ್ನ ಎಂಟನೆಯ ನಿಯಮದಲ್ಲಿ, ಆ ಪಂಥದ ಗುರುಗಳು ಧರ್ಮಸಭೆಗೆ ಮರಳುವುದಾದರೆ ಎರಡನೆಯ ಮದುವೆಯಾದವರೊಂದಿಗೆ ಅನ್ಯೋನ್ಯತೆಯಿಂದ ಇರುತ್ತೇವೆಂದು ಬರೆದುಕೊಡಬೇಕು ಎಂದು ವಿಧಿಸಿತು. ಬಾಯಿಮಾತು ಸಾಲದು, ಬರೆದುಕೊಡಬೇಕು! 1700 ವರ್ಷಗಳ ಹಿಂದೆಯೇ ತೀರ್ಮಾನವಾದ ಈ ವ್ಯಾಜ್ಯವನ್ನು ನಾವು ಬಾವಿಕಟ್ಟೆಯಲ್ಲಿ ಮತ್ತೆ ತೆರೆಯುವುದು ಸರಿಯೇ?

ಹಾಗೆಂದು ಎಲ್ಲ ವಿಧವೆಯರೂ ಮದುವೆಯಾಗಬೇಕೆಂದು ಯಾರೂ ಒತ್ತಾಯಿಸಬಾರದು. ಅದೇ ಪೌಲರು ಮದುವೆಯಾಗದೆ ಉಳಿದರೆ ಆಕೆ ಇನ್ನೂ ಧನ್ಯಳೆಂದು ಭಾವಿಸಿದ್ದಾರೆ. ದೇವಾಲಯವನ್ನು ಬಿಡದೆ ಉಪವಾಸ ಪ್ರಾರ್ಥನೆಗಳಲ್ಲಿ ವೃದ್ಧೆಯಾದ ಅನ್ನಳು ಬಾಲಯೇಸುವನ್ನು ಕಂಡ ಭಾಗ್ಯವಂತೆ. ಅವಳ ದಾರಿ ಅವಳದು, ರೂತಳ ದಾರಿ ರೂತಳದು. ಆರಿಸಿಕೊಳ್ಳುವ ಹಕ್ಕು ನೊಂದವಳದು. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ‘ಅಮೋರಿಸ್ ಲೆತೀಸಿಯಾ’ ಎಂಬ ಪ್ರೇರಣಾಪತ್ರದಲ್ಲಿ ಸಾವು ಹೊಕ್ಕ ಮನೆಗಳಿಗಾಗಿಯೇ ಆರು ಕಂಡಿಕೆಗಳನ್ನು ಬರೆದರು. ದುಃಖ ಕಳೆಯಲು ಬಹಳ ಕಾಲ ಹಿಡಿಯುತ್ತದೆ, ಜೊತೆ ನಡೆಯುವ ಗುರುಗಳು ಅದರ ಒಂದೊಂದು ಹಂತಕ್ಕೂ ಹೊಂದಿಕೊಳ್ಳಬೇಕು ಎಂಬುದು ಅಲ್ಲಿಯ ಸೂಚನೆ.

“ಹಾಗಾದರೆ ಸತ್ತವರಿಗೆ ದ್ರೋಹವಾಗುವುದಿಲ್ಲವೇ?” ಈ ಪ್ರಶ್ನೆ ಹೊರಗಿನವರು ಕೇಳುವುದಕ್ಕಿಂತ ಹೆಚ್ಚಾಗಿ ರಾತ್ರಿ ನಿದ್ದೆ ಬಾರದ ಆ ಹೆಂಗಸೇ, ಆ ಗಂಡಸೇ ತಮ್ಮನ್ನು ಕೇಳಿಕೊಳ್ಳುತ್ತಾರೆ. ಅವರಿಗಾಗಿ ಸಂತ ಥಾಮಸ್ ಮೋರರ ಸಂಗತಿ ಹೇಳುತ್ತೇನೆ. ಇಂಗ್ಲೆಂಡಿನ ರಾಜನ ಎದುರು ವಿಶ್ವಾಸಕ್ಕಾಗಿ 1535ರಲ್ಲಿ ತಲೆಕೊಟ್ಟ ರಕ್ತಸಾಕ್ಷಿ ಅವರು, 1935ರಲ್ಲಿ ಸಂತ ಪದವಿಗೇರಿದವರು. ಅವರ ಮೊದಲ ಹೆಂಡತಿ ಜೇನ್ ನಾಲ್ಕು ಮಕ್ಕಳನ್ನು ಬಿಟ್ಟು 1511ರಲ್ಲಿ ತೀರಿಕೊಂಡರು. ಸ್ವಲ್ಪ ಕಾಲದಲ್ಲೇ ಮೋರರು ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಆ ಅವಸರವನ್ನು ನಾನು ಮೆಚ್ಚುವುದಿಲ್ಲ, ಸಂತರದ್ದಾದರೂ ಸರಿ. ಆದರೆ ಆಲಿಸ್ ಹೆರದ ಮಕ್ಕಳಿಗೆ ಒಳ್ಳೆಯ ತಾಯಿಯಾದರು. ಎಷ್ಟೋ ವರ್ಷಗಳ ಮೇಲೆ ಚೆಲ್ಸಿಯ ದೇವಾಲಯದಲ್ಲಿ ಮೋರರು ತಮ್ಮ ಸಮಾಧಿಗಾಗಿ ತಾವೇ ಶಾಸನ ಬರೆಸಿದಾಗ ಇಬ್ಬರು ಹೆಂಡಂದಿರ ಹೆಸರನ್ನೂ ಸೇರಿಸಿದರು. ಇಬ್ಬರಲ್ಲಿ ಯಾರು ತನಗೆ ಹೆಚ್ಚು ಪ್ರಿಯರೆಂದು ಹೇಳಲಾರೆ, ಮೂವರೂ ಕೂಡಿ ಬಾಳಲು ಸಾಧ್ಯವಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಬದುಕು ಕೊಡಲಾರದ ಆ ಕೂಟವನ್ನು ಸ್ವರ್ಗ ಕೊಡಲಿ ಎಂಬುದು ಅದರ ಸಾರಾಂಶ. ಪುನರುತ್ಥಾನದಲ್ಲಿ ಆಕೆ ಯಾರ ಹೆಂಡತಿಯಾಗುವಳು ಎಂದು ಸದ್ದುಕಾಯರು ಕುಹಕದಿಂದ ಕೇಳಿದಾಗ, ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಎಂದು ಪ್ರಭು ಅವರ ಬಾಯಿ ಮುಚ್ಚಿಸಿದರು. ಸ್ವರ್ಗದಲ್ಲಿ ಇಲ್ಲದ ಹೊಟ್ಟೆಕಿಚ್ಚನ್ನು ಸತ್ತವರ ತಲೆಗೆ ನಾವೇಕೆ ಕಟ್ಟಬೇಕು?

ಬೀದರ್ ನಗರದವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ನಮ್ಮ ಬಿದ್ರಿ ಕುಶಲಕರ್ಮಿಗಳ ಕೆಲಸ ನೋಡಿದ್ದೀರಿ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಕೆತ್ತಿದ ಗೆರೆಯಲ್ಲಿ ಬೆಳ್ಳಿ ಕೂರಿಸುತ್ತಾರೆ. ಕಡೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಲೇಪಿಸುತ್ತಾರೆ. ಪಾತ್ರೆಯೆಲ್ಲ ಕಪ್ಪಾಗುತ್ತದೆ, ಬೆಳ್ಳಿಯ ಗೆರೆ ಮಾತ್ರ ಕಪ್ಪಾಗುವುದಿಲ್ಲ. ಮೊದಲ ಪ್ರೀತಿ ಆ ಬೆಳ್ಳಿಯಂತೆ; ಸಮಾಧಿಯ ಮಣ್ಣು ಅದನ್ನು ಅಳಿಸಲಿಲ್ಲ ಎಂದ ಮೇಲೆ ಹೊಸ ಮನೆಯೊಂದು ಹೇಗೆ ಅಳಿಸೀತು?

ಇನ್ನು ಮಕ್ಕಳ ಮಾತು. ಮಕ್ಕಳಿಗೆ ಕೊನೆಯಲ್ಲಿ ತಿಳಿಸುವವರು ನಮ್ಮಲ್ಲಿ ಹೆಚ್ಚು. ಮೊದಲು ತಿಳಿಸಬೇಕಾದದ್ದು ಅವರಿಗೇ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1071ನೆಯ ವಿಧಿಯ ಪ್ರಕಾರ, ಹಿಂದಿನ ಸಂಬಂಧದ ಮಕ್ಕಳ ಹೊಣೆ ಹೊತ್ತವರ ಮದುವೆಯನ್ನು, ತುರ್ತು ಸಂದರ್ಭದ ಹೊರತು, ಧರ್ಮಾಧ್ಯಕ್ಷರ ಕಡೆಯ ಅನುಮತಿಯಿಲ್ಲದೆ ನಡೆಸುವಂತಿಲ್ಲ. ಮಕ್ಕಳು ಬೀದಿಪಾಲಾಗಬಾರದು ಎಂಬ ತಾಯಿಯ ಕಾಳಜಿ ಆ ವಿಧಿಯಲ್ಲಿದೆ. ಆಸ್ತಿಯ ವಿಷಯ ಬಂದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಉಳಿದ ಎರಡು ಪಾಲು. ಎರಡೆಕರೆ ಹೊಲವೇ ಇರಲಿ, ಮಕ್ಕಳ ಪಾಲು ಯಾವುದೆಂದು ಮದುವೆಗೆ ಮುಂಚೆಯೇ ಹಿರಿಯರ ಎದುರು ಮಾತಾಗಲಿ, ಕಾಗದವಾಗಲಿ. ಬೋವಜನೂ ಊರ ಬಾಗಿಲಲ್ಲಿ ಮಾಡಿದ್ದು ಅದನ್ನೇ.

ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಹೋಗಲು ಸಂಕೋಚ ಬೇಡ. ಜ್ಞಾನಸ್ನಾನದ ಪತ್ರ, ತೀರಿಕೊಂಡವರ ಮರಣ ಪ್ರಮಾಣಪತ್ರ ಕೊಂಡೊಯ್ಯಿರಿ. ಮದುವೆಯ ಪ್ರಕಟಣೆ ಎಲ್ಲರಂತೆ ಪೂಜೆಯಲ್ಲೇ ಓದಲಾಗುತ್ತದೆ, ಬಾಗಿಲು ಮುಚ್ಚಿ ಅಲ್ಲ. ಓದುವಾಗ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಬೇಡಿ ಎಂದು ಸಭೆಯವರಲ್ಲಿ ನನ್ನ ವಿನಂತಿ. ಪೂಜೆ ಮುಗಿದ ಮೇಲೆ ಆಕೆಯ ಹತ್ತಿರ ಹೋಗಿ, ಮೊದಲಿನಂತೆಯೇ, ಅಕ್ಕಾ, ಮಕ್ಕಳು ಆರಾಮ ಅದಾವೇನು ಎಂದು ಕೇಳಿರಿ.

ಆ ಭಾಲ್ಕಿಯ ಮನೆಗೆ ಆಕೆ ಹೋದ ಮೇಲೆ, ಮುಂದಿನ ವರ್ಷ ಮೊದಲ ಗಂಡನ ದಿನ ಬಂದಾಗ ಆತನ ಆತ್ಮಶಾಂತಿಯ ಪೂಜೆಗೆ ಹೆಸರು ಬರೆಸಲು ಹೊಸ ಗಂಡನೇ ಗುರುಗಳ ಮನೆಗೆ ಬರಲಿ. ನವೆಂಬರ್ ಎರಡರಂದು ಆ ಮಕ್ಕಳನ್ನು ಅವನೇ ಸಮಾಧಿಯ ಬಳಿ ಕರೆತರಲಿ, ಅಜ್ಜಿಯೂ ಜೊತೆಗಿರಲಿ. ಹಾಗೆಯೇ ಅವನ ತೀರಿಹೋದ ಹೆಂಡತಿಯ ಸಮಾಧಿಗೂ ಹೋಗಿ, ಆಕೆ ತನ್ನ ಕೈಯಾರೆ ಒಂದು ಬತ್ತಿ ಹಚ್ಚಲಿ.